ಸುಮ್ಮನೆ ಕಾರವಾರಕ್ಕೆ

ಬಿಣಗಾದಲ್ಲಿ ಬಸ್ಸು ನಿಂತದ್ದೇ ತಡ, ಹೊನ್ನು ಕೈಚೀಲವನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು.

"ಅವ್ವಿ, ಇಲ್ಲಲ್ಲ. ಕೂತ್ಕ," ಎಂದ ಹಿಂದಿನ ಸೀಟಿನಿಂದ ಮಗ ಸುನಿಲ.

"ಇಲ್ಲಲ್ವ?"

"ಇಲ್ಲಲ್ಲ ಅಂದ್ನಲೆ. ಇನ್ನೂ ಮುಂದೆ ಹೋಗೂದು."

ಹುಬ್ಬಳ್ಳಿ ಕಡೆಯ ಕಂಡಕ್ಟರ್ ಟಿಕೇಟಿನ ಕಟ್ಟು ಹಿಡಿದು ಅವಳ ಹಿಂದೆಯೇ ಸಿಕ್ಕಿಕೊಂಡಿದ್ದ. "ಏ ಅಜ್ಜಿ, ಇಳಿಯೋದಿದ್ರ ಇಳಿ, ಕುಂದ್ರೋದಿದ್ರ ಕುಂದ್ರು. ನಡುವ ಕಂಬ ನಿಂತಾಂಗ ನಿಂತ್ರ ನಾ ಹೆಂಗ ಹಾಯ್ಲಿ?" ಬಸ್ಸಿನಲ್ಲಿ ನಾಲ್ಕು ಜನ ನಕ್ಕರು.

ಹೊನ್ನು ಕೂತಳು. ಕಿಟಕಿಯಾಚೆ ಕಾರ್ಖಾನೆಯವರ ಮನೆಗಳ ಸಾಲು ಹಿಂದಕ್ಕೆ ಸರಿಯಿತು. ಆ ಸಾಲಿನಲ್ಲೇ ಅವಳ ಮಗಳು ಗಂಗೆಯ ಮನೆ. ಗಂಗೆಗೆ ಏಳು ತಿಂಗಳು ತುಂಬಿದೆ. ಬಿಣಗಾದಲ್ಲಿ ಇಳಿಯದೆ ಮುಂದೆ ಹೋಗುತ್ತಿದ್ದಾರೆ ಎಂದರೆ ಗಂಗೆ ಮನೆಯಲ್ಲಿಲ್ಲ. ಮನೆಯಲ್ಲಿಲ್ಲ ಎಂದರೆ ಕಾರವಾರದ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಅಲ್ಲಿ ಹೇಗಿದ್ದಾಳೆ ಎಂದು ಮುಂದೆ ಯೋಚಿಸಲು ಹೊನ್ನುವಿಗೆ ಧೈರ್ಯ ಬರಲಿಲ್ಲ.

ಪಕ್ಕದಲ್ಲಿದ್ದ ಸೊಸೆ ರೂಪಾ ಅತ್ತೆಯ ಕೈಮೇಲೆ ಕೈಯಿಟ್ಟಳು. "ಘಾಬರಿ ಆಗ್ಬೇಡಿ ಅತ್ತೆ, ಬಂದೇ ಬಿಡ್ತು."

ಆ ಕೈ ತಗಲಿದ್ದೇ ಹೊನ್ನುವಿನ ಅನುಮಾನ ಇನ್ನೂ ಗಟ್ಟಿಯಾಯಿತು. ಮದುವೆಯಾಗಿ ಬಂದಲ್ಲಿಂದ ಈ ಸೊಸೆ ಅವಳ ಕೈ ಹಿಡಿದದ್ದೇ ಇಲ್ಲ.

ಇದು ಶುರುವಾದದ್ದು ಮಧ್ಯಾಹ್ನ, ಹಾರವಾಡದ ಮನೆಯಲ್ಲಿ. ಉಂಡು ಎದ್ದ ಮೇಲೆ ಹೊನ್ನು ಹಿತ್ತಲಲ್ಲಿ ಬಸಳೆಗೆ ನೀರು ಬಿಡುತ್ತಿದ್ದಾಗ ಒಳಗೆ ಮಗ ಸೊಸೆ ಗುಸುಗುಸು ಮಾತಾಡುವುದು ಕೇಳಿಸಿತು. "ಈಗ್ಲೇ ಹೇಳ್ಬೇಡಿ. ಹೇಳಿದ್ರೆ ಅವ್ರು ಮನೆಯಿಂದ ಹೊರಗೆ ಕಾಲೇ ಇಡೂದಿಲ್ಲ. ಅಲ್ಲಿ ಹೋದ್ಮೇಲೆ ಗೊತ್ತಾಗ್ಲಿ," ಎನ್ನುತ್ತಿದ್ದಳು ರೂಪಾ. ಸ್ವಲ್ಪ ಹೊತ್ತಿಗೆ ಸುನಿಲ ಹೊರಗೆ ಬಂದು ತಾಯಿಯ ಮುಖ ನೋಡದೆ ಬಸಳೆಯನ್ನೇ ನೋಡುತ್ತ, "ಅವ್ವಿ, ಚಲೋ ಸೀರೆ ಉಟ್ಕ. ಕಾರವಾರಕ್ಕೆ ಹೋಗಿ ಬರ್ವ," ಅಂದ.

"ಕಾರವಾರಕ್ಕೆ ಎಂತಕೆ?"

"ಎಂತಕೂ ಇಲ್ಲ. ಸುಮ್ನೆ."

"ಸೋಮು ಫೋನ್ ಮಾಡಿದ್ನ?" ಸೋಮು ಎಂದರೆ ಗಂಗೆಯ ಗಂಡ.

"ಹೂಂ, ಬೆಳಿಗ್ಗೆ ಮಾಡಿದ್ದ."

"ಎಂತಾ ಅಂದ?"

"ಎಂತದೂ ಇಲ್ಲ. ಸುಮ್ನೆ ಮಾಡಿದ್ದ."

ಹೊನ್ನು ಚೊಂಬು ಕೆಳಗಿಟ್ಟಳು. ಎರಡು ಸಲ ಸುಮ್ನೆ. ಅವಳ ಪ್ರಾಯದ ಹೆಂಗಸಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವರ ಕಡೆ ಸಾವಿನ ಸುದ್ದಿಯನ್ನು ತಂದು ಹೆಂಗಸಿನ ಎದುರಿಗೆ ಧೊಪ್ಪೆಂದು ಹಾಕುವ ಪದ್ಧತಿ ಇಲ್ಲ. ಕರೆಯಲು ಬಂದವರು ಮೊದಲು ಗದ್ದೆ ಸುದ್ದಿ ತೆಗೆಯುತ್ತಾರೆ, ಮಳೆ ಸುದ್ದಿ ತೆಗೆಯುತ್ತಾರೆ. ಆಮೇಲೆ, ಬಾ, ಸುಮ್ಮನೆ ಹೋಗಿ ಬರುವ ಎನ್ನುತ್ತಾರೆ. ದಾರಿಯಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ, ಬೇಡಬೇಡವೆಂದರೂ ಏನಾದರೂ ತಿನ್ನಿಸುತ್ತಾರೆ. ಒಮ್ಮೆ ತಿಳಿದ ಮೇಲೆ ಹೆಣ ಎತ್ತುವ ತನಕ ಅವಳ ಗಂಟಲಲ್ಲಿ ಹನಿ ನೀರೂ ಇಳಿಯುವುದಿಲ್ಲ ಎಂದು ಅವರಿಗೆ ಗೊತ್ತು. ಕರುಣೆಯೇ ಅದು. ಹೊನ್ನುವಿನ ಗಂಡ ಲಾರಿಯಡಿ ಸಿಕ್ಕಿ ಸತ್ತ ದಿನ ಅವಳ ಅಣ್ಣ ಜಟ್ಟ ಹೀಗೇ ಬಂದಿದ್ದ. ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಬನ್ಸು ಕೊಡಿಸಿದ. ಅವಳು ಇನ್ನೊಂದು ಕೇಳಿ ತಿಂದಿದ್ದಳು. ಎಷ್ಟು ಹಸಿವೆಯಾಗಿತ್ತು ಆ ದಿನ! ಕೈ ತೊಳೆದು ಬಂದ ಮೇಲೆ ಅಣ್ಣ ಹೇಳಿದ.

ಹಾಗಾಗಿ ಇವತ್ತು ಅವಳು ಮತ್ತೆ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾರು ಎಂಬ ಹೆದರಿಕೆ. ಹೇಳುವ ತನಕ ಗಂಗೆ ಇದ್ದಾಳೆ.

ಕಾರವಾರದಲ್ಲಿ ಇಳಿದರು. ಬಸ್‌ಸ್ಟ್ಯಾಂಡಿನಿಂದ ಹೊರಗೆ ಬಂದಾಗ ಹೊನ್ನು ತಾನಾಗಿಯೇ ಆಸ್ಪತ್ರೆಯ ದಿಕ್ಕಿಗೆ ತಿರುಗಿದಳು. ಸುನಿಲ ಅವಳ ರಟ್ಟೆ ಹಿಡಿದು ಇನ್ನೊಂದು ಕಡೆ ತಿರುಗಿಸಿದ. "ಆ ಬದಿ ಎಂತದು ಅದೆ ಅವ್ವಿ? ಬಾ ಇತ್ಲಾಗೆ."

ಆಸ್ಪತ್ರೆಯೂ ಅಲ್ಲವಾದರೆ ಎಲ್ಲಿ? ಆಸ್ಪತ್ರೆಯಿಂದ ಆಗಲೇ ಹೊರಗೆ ತಂದರೋ? ಹಾಗಿದ್ದರೆ ಬಿಣಗಾಕ್ಕೇ ಒಯ್ಯಬೇಕಿತ್ತಲ್ಲ. ಇಲ್ಲಾ ಅಣ್ಣನಿಗೇ ಏನಾದರೂ ಆಯಿತೋ? ಅಣ್ಣ ಅಂಕೋಲೆಯಲ್ಲಿ, ಕಾರವಾರಕ್ಕೂ ಅವನಿಗೂ ಎಂತ ಸಂಬಂಧ? ಅವಳ ತಲೆಯೊಳಗೆ ಬಳಗದವರೆಲ್ಲ ಒಬ್ಬೊಬ್ಬರಾಗಿ ಸತ್ತು, ಮತ್ತೆ ಎದ್ದು ಕೂತು, ಕೊನೆಗೆ ಗಂಗೆಯೊಬ್ಬಳೇ ಉಳಿದಳು.

ರೂಪಾ ಮಾತ್ರ ಇವತ್ತು ಬಾಯಿ ಮುಚ್ಚಲೇ ಇಲ್ಲ. ಘಾಟಕೋಪರದಲ್ಲಿ ಹುಟ್ಟಿ ಬೆಳೆದ ಹುಡುಗಿ. ಅಪ್ಪ ಇಲ್ಲಿಯವನೇ, ಮುಂಬಯಿಯಲ್ಲಿ ಯಾವುದೋ ಕಂಪನಿಯ ಕ್ಯಾಂಟೀನಿನಲ್ಲಿ ಅಡಿಗೆಗೆ ಇದ್ದವನು. "ಪಪ್ಪಾ ಆರು ದಿನ ಒಲೆ ಮುಂದೆ ಅತ್ತೆ, ಮೈಯೆಲ್ಲಾ ಎಣ್ಣೆ ವಾಸನೆ. ಸಂಡೇ ಬಂತಂದ್ರೆ ಮಾತ್ರ ಇಸ್ತ್ರಿ ಶರ್ಟು, ಪೌಡರು! ನಾಲ್ಕು ಗಂಟೆ ಲೋಕಲ್ ಹಿಡ್ದು ಚೌಪಾಟಿಗೆ ಹೋಗೂದು. ಕೂರೂದು, ಭೇಲ್ ತಿನ್ನೂದು, ಬರೂದು. ಮಳೆ ಬರ್ಲಿ, ಬೆಂಕಿ ಬೀಳ್ಲಿ, ತಪ್ಪಿಸ್ಲೇ ಇಲ್ಲ."

"ಅಲ್ಲಿ ನಿಮ್ಮವ್ರು ಯಾರಾದ್ರೂ ಇದ್ದಿರ?" ಹೊನ್ನು ಏನಾದರೂ ಕೇಳಬೇಕಲ್ಲ ಎಂದು ಕೇಳಿದಳು.

"ಎಲ್ಲಿ?"

"ಚೌಪಾಟಿಲಿ."

ರೂಪಾ ಕಿಲಕಿಲ ನಕ್ಕಳು. "ಅದು ಸಮುದ್ರದ ದಂಡೆ ಅತ್ತೆ!" ನಗು ಜಾಸ್ತಿಯಾಯಿತು ಎಂದುಕೊಂಡಳು ಹೊನ್ನು. ಒಳಗಿದ್ದದ್ದನ್ನು ಮುಚ್ಚಲು ಜನ ಹೀಗೇ ನಗುತ್ತಾರೆ.

ಸಮುದ್ರದ ದಂಡೆ ಬಂತು. ಜಾತ್ರೆಯ ಹಾಗೆ ಜನ, ಆದರೆ ದೇವರಿಲ್ಲ. ಹೊನ್ನು ನಿಂತು ನೋಡಿದಳು. ಸಮುದ್ರ ಹಾರವಾಡದ ಮನೆಯ ಹಿಂದೆಯೇ ಇದೆ. ರಾತ್ರಿ ಮಗ್ಗುಲು ಬದಲಿಸಿದರೆ ಅದರ ಗಲಾಟೆ ಕೇಳುತ್ತದೆ. ಅದನ್ನೇ ನೋಡಲು ಬಸ್ಸು ಹತ್ತಿ ಇಲ್ಲಿಯ ತನಕ ಯಾರಾದರೂ ಬರುತ್ತಾರೆಯೇ? ಇವರಿಗೆ ಸುಳ್ಳು ಹೇಳಲಿಕ್ಕೂ ಬರುವುದಿಲ್ಲ.

ಗಾಡಿಯವನಿಂದ ರೂಪಾ ಭೇಲ್‌ಪುರಿ ತಂದಳು. "ಚಟ್ನಿಯಲ್ಲಿ ಪುದೀನಾ ಇಲ್ಲ, ಆದ್ರೂ ನಡೀತದೆ. ತಿನ್ನಿ ಅತ್ತೆ."

ಬಂತು, ತಿನ್ನಿಸುವುದು ಶುರುವಾಯಿತು. "ನಂಗೆ ಬೇಡ ತಂಗಿ," ಎಂದಳು ಹೊನ್ನು.

"ಒಂದು ಚಮಚ."

"ಬೇಡ ಅಂದೆ."

"ಅವ್ವಿ, ತಿನ್ನು. ಅವಳು ಅಷ್ಟು ಆಸೆಲಿ ತಂದಿದು," ಎಂದ ಸುನಿಲ. ಹೊನ್ನು ಒಂದು ಬಾಯಿ ತಿಂದಳು. ಮಂಡಕ್ಕಿ ಬಾಯಲ್ಲಿ ಮರಳಿನ ಹಾಗೆ ತಿರುಗಿತು. ಅದು ಮುಗಿಯುವಷ್ಟರಲ್ಲಿ ಐಸ್‌ಕ್ರೀಮು ಬಂತು. ಗಂಡ ಸತ್ತಾಗ ಬನ್ಸು. ಈಗ ಭೇಲ್‌ಪುರಿ, ಅದರ ಮೇಲೆ ಐಸ್‌ಕ್ರೀಮು. ಒಂದಲ್ಲ, ಎರಡು ಜೀವ ಎಂದಾಯಿತು. ತಾಯಿಯೂ ಹೋದಳು, ಹೊಟ್ಟೆಯಲ್ಲಿದ್ದದ್ದೂ ಹೋಯಿತು.

"ಇನ್ನು ಹಡಗು ಹತ್ವ," ಎಂದು ಸುನಿಲ ದಂಡೆಯ ಮೇಲೆ ಸಿಮೆಂಟು ಕಟ್ಟಿ ಕೂರಿಸಿದ್ದ ಯುದ್ಧದ ಹಡಗನ್ನು ತೋರಿಸಿದ.

"ನೀರಿಲ್ದೇ ಇದ್ದ ಹಡಗ್ ಹತ್ತಿ ಎಲ್ಲಿಗೆ ಹೋಗೂದು?"

"ಎಲ್ಲಿಗೂ ಇಲ್ಲ. ಹತ್ತೂದು, ನೋಡೂದು, ಇಳಿಯೂದು. ತಡಿ, ಟಿಕೇಟ್ ತತ್ತೆ." ಅವನು ಜನರ ನಡುವೆ ಹೋದ.

ಈಗ ಸೊಸೆ ಅತ್ತೆ ಇಬ್ಬರೇ. ಐಸ್‌ಕ್ರೀಮು ಕರಗಿ ಹೊನ್ನುವಿನ ಮಣಿಕಟ್ಟಿನ ತನಕ ಇಳಿದಿತ್ತು. ಅವಳು ಸೊಸೆಯ ಕಡೆ ತಿರುಗಿದಳು. ದನಿ ಸಣ್ಣದಾಗಿತ್ತು, ಆದರೆ ಒಡೆಯಲಿಲ್ಲ.

"ತಂಗಿ, ಅವ ಬರೂದ್ರೊಳಗೆ ಹೇಳ್ಬಿಡು. ನಾ ಅಳೂದಿಲ್ಲ. ಗಂಗೆ ಎಷ್ಟೊತ್ತಿಗೆ ಹೋದ್ಲು?"

"ಎಲ್ಲಿಗೆ ಹೋದ್ಲು?"

"ಸತ್ತದ್ದು ಎಷ್ಟೊತ್ತಿಗೆ ಅಂತ ಕೇಳ್ದೆ."

ರೂಪಾಳ ಬಾಯಿಯ ಹತ್ತಿರ ಹೋಗಿದ್ದ ಚಮಚ ಅಲ್ಲೇ ನಿಂತಿತು. "ಅತ್ತೆ! ಯಾರೂ ಸತ್ತಿಲ್ಲ!"

"ಮತ್ತೆ ಎಂತಕೆ ಕರ್ಕಂಡ್ ಬಂದ್ರಿ?"

"ಇವತ್ತು ರವಿವಾರ ಅತ್ತೆ. ಅಷ್ಟೇ." ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿತು. "ನೀವು ಯಾವಾಗ್ಲೂ ಹಿತ್ಲು, ಕೊಟ್ಟಿಗೆ ಅಂತಲೇ ಇರ್ತೀರಿ. ಖುಷಿ ಆಗ್ಲಿ ಅಂತ... ನಾನೇ ಇವರ ಹತ್ರ ಹೇಳ್ಬೇಡಿ ಅಂದಿದ್ದೆ."

ಹೊನ್ನು ಅವಳ ಕಣ್ಣೀರನ್ನೇ ನೋಡಿದಳು. ಯಾರೂ ಸತ್ತಿಲ್ಲ ಎನ್ನುತ್ತಾಳೆ, ಅಳುತ್ತಾಳೆ. ಯಾವುದನ್ನು ನಂಬುವುದು?

ಟಿಕೇಟು ಹಿಡಿದು ಬಂದ ಸುನಿಲ ಸುದ್ದಿ ಕೇಳಿ ಹಣೆ ಹಣೆ ಬಡಿದುಕೊಂಡ. ಅಪ್ಪ ಸತ್ತ ದಿನ ಅವನು ಶಾಲೆಯಲ್ಲಿದ್ದ. ಅವನನ್ನೂ ಯಾರೋ ಸುಮ್ಮನೆ ಬಾ ಎಂದೇ ಕರೆದುಕೊಂಡು ಹೋಗಿದ್ದರು. "ನಂಗೆ ಹೊಳೀಲೇ ಇಲ್ಲ ಮಾರಾಯ್ತಿ," ಎಂದು ಹೆಂಡತಿಗೆ ಹೇಳಿದವನೇ ಮೊಬೈಲು ತೆಗೆದು ಬಿಣಗಾಕ್ಕೆ ಹಚ್ಚಿ ತಾಯಿಯ ಕಿವಿಗೆ ಒತ್ತಿದ. "ತಗ. ನಿನ್ನ ಮಗಳ ಹತ್ರವೇ ಕೇಳು, ಸತ್ತಿದ್ಯಾ ಇದ್ದಿದ್ಯಾ ಅಂತ."

"ಹಲೋ?" ಗಂಗೆಯದೇ ದನಿ. ನಿದ್ದೆಯಿಂದ ಎದ್ದ ಹಾಗಿತ್ತು.

ಹೊನ್ನು ಫೋನನ್ನು ಕಿವಿಗೆ ಇನ್ನೂ ಒತ್ತಿದಳು. "ಗಂಗೆ..."

"ಅವ್ವಿ? ಸುನಿಲಣ್ಣನ ಫೋನಲ್ಲಿ ನೀನು? ಎಲ್ಲಿಂದ ಮಾತಾಡ್ತಿದ್ದಿ?"

"ಕಾರವಾರ."

"ಕಾರವಾರಕ್ಕೆ ಎಂತಕೆ ಬಂದೆ?"

ಹೊನ್ನು ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. "ಸುಮ್ನೆ."

ಆ ಮಾತು ಕೇಳಿದ್ದೇ ಗಂಗೆಯ ದನಿ ಬೇರೆಯೇ ಆಯಿತು. "ಅವ್ವಿ, ಖರೆ ಹೇಳು. ಯಾರ್ಗೆ ಎಂತಾಯ್ತು? ಜಟ್ಟ ಮಾವಗಾ?"

"ಯಾರ್ಗೂ ಎಂತದೂ ಆಗ್ಲಿಲ್ಲ ಮಗಾ. ಇವತ್ತು ರವಿವಾರ."

"ರವಿವಾರ ಆದ್ರೆ?"

"ಅದು ನಂಗೂ ಗೊತ್ತಿಲ್ಲ."

"ನಿಂಗೆ ಎಂತಾದ್ರೂ ತಿನ್ಸಿದ್ರಾ?"

"ಹೂಂ. ಎಂತದೋ ಪುರಿ ಅಂತೆ. ಮತ್ತೆ ಐಸ್‌ಕ್ರೀಮು."

ಗಂಗೆ ಗೊಳೋ ಎಂದು ಅಳತೊಡಗಿದಳು. ನನಗೆ ಹೇಳುವುದಿಲ್ಲ ನೀವು, ಬಸುರಿ ಎಂದು ಮುಚ್ಚಿಡುತ್ತೀರಿ, ನಾನು ಈಗಲೇ ಹೊರಟೆ ಎಂದು ಏನೇನೋ ಹೇಳುತ್ತಿದ್ದಳು. ಹೊನ್ನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಏ, ಹೊರಡ್ಬೇಡ, ಅಳ್ಬೇಡ! ನಾ ಇಲ್ಲಿ ಕಂಡದ್ದು ಹೇಳ್ತೆ, ಕೇಳು. ಇಲ್ಲಿ ಒಬ್ಬ ಇದ್ದ, ಪ್ಯಾಂಟು ಮೊಣಕಾಲ ಮೇಲೆ ಮಡಚಿದ್ದ, ಹೊಟ್ಟೆ ಇಷ್ಟು ದೊಡ್ಡದು. ತೆರೆ ಬಂತಂದ್ರೆ ಓಡ್ತ, ಹೋಯ್ತಂದ್ರೆ ಮತ್ತೆ ಹೋಗ್ತ. ಅವನ ಹೆಂಡ್ತಿ ಚಪ್ಪಲಿ ಹಿಡ್ಕಂಡು ಬಯ್ತೇ ಅದೆ. ಒಂದು ಜೋಡಿ ಅದೆ, ಒಂದೇ ಜೋಳದ ತೆನೆ, ಎರಡೂ ಬದಿಂದ ಕಚ್ತಿರು, ನಾಚ್ಕಿಲ್ದವ್ರು. ಕೇಳ್ತಾ? ಹಡಗು ಒಂದು ಮಣ್ಣಲ್ಲಿ ಕೂತದೆ, ಜನ ಟಿಕೇಟ್ ಕೊಟ್ಟು ಹತ್ತಿ ಇಳೀತಿರು. ಹೆಣ ಇದ್ದಲ್ಲಿ ಹೀಗೆಲ್ಲ ಇರ್ತದ್ಯೇನೆ?"

"ನೀ ಸಮುದ್ರದ ಹತ್ರ ಇದ್ದಿ ಅಂತ ನಾ ಹ್ಯಾಂಗೆ ನಂಬೂದು?" ಎಂದಳು ಗಂಗೆ ಬಿಕ್ಕುತ್ತ.

"ಅವ್ವಿ, ಬ್ಯಾಲೆನ್ಸ್..." ಎಂದು ಶುರುಮಾಡಿದ ಸುನಿಲನ ಬಾಯಿಗೆ ರೂಪಾ ಕೈ ಅಡ್ಡ ಹಿಡಿದಳು.

ಹೊನ್ನು ಆಗಲೇ ಇಳಿಜಾರಿನಲ್ಲಿ ಹೋಗುತ್ತಿದ್ದಳು. ಪ್ಯಾಂಟು ಮಡಚಿದವನನ್ನು ದಾಟಿ, ಚಪ್ಪಲಿ ಹಿಡಿದ ಅವನ ಹೆಂಡತಿಯನ್ನು ದಾಟಿ, ಒದ್ದೆ ಮರಳಿನ ತುದಿಗೆ ಬಂದು ನಿಂತಳು. ತೆರೆ ಬಂದು ಚಲೋ ಸೀರೆಯನ್ನು ಮೊಣಕಾಲ ತನಕ ನೆನೆಸಿ ಹೋಯಿತು. ಅವಳು ಸರಿಯಲಿಲ್ಲ. ಬಗ್ಗಿ, ಕೈ ಚಾಚಿ, ಫೋನನ್ನು ನೀರಿನ ಕಡೆ ಹಿಡಿದು, ಮುಂದಿನ ತೆರೆ ಬರುವುದನ್ನೇ ನೋಡುತ್ತ ನಿಂತಳು.