ಅವನು ಹೇಳಿದನೆಂದು ಹೇಳು

ಕೃಷ್ಣಾ ದಂಡೆಯ ಗೂಗಲ್ ಎಂಬ ಊರಿನಲ್ಲಿ, ಹೊಳೆಗೆ ಹತ್ತಿರದ ಒಂದು ಹೈಸ್ಕೂಲಿಗೆ ತಹಸೀನ್ ತಾನಾಗಿಯೇ ವರ್ಗ ಕೇಳಿಕೊಂಡು ಬಂದ ಇಂಗ್ಲಿಷ್ ಟೀಚರ್. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ತಮ್ಮ ಮುಕರ್ರಂ, ರಾಯಚೂರಿನ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು, ಗೆಳೆಯರ ಜೊತೆ ಇಲ್ಲಿಗೆ ಬಂದು ಕೃಷ್ಣೆಗೆ ಇಳಿದಿದ್ದ. ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಮಾನ್ವಿಯಲ್ಲಿದ್ದ ತಾಯಿ ಹೀರಾಬಿ, ಹೆಣ ಕಾಣದೆ ಮಗನಿಗೆ ಜನಾಜಾದ ನಮಾಜು, ಸತ್ತವರಿಗಾಗಿ ಮಾಡುವ ಪ್ರಾರ್ಥನೆ, ಮಾಡಿಸಲು ಒಪ್ಪಿರಲಿಲ್ಲ. ತಹಸೀನ್ ದೇವದುರ್ಗದಲ್ಲಿ ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದಳು.

ಆಗಸ್ಟಿನಲ್ಲಿ ಹತ್ತನೇ ಕ್ಲಾಸಿಗೆ ಇನ್‌ಡೈರೆಕ್ಟ್ ಸ್ಪೀಚ್ ಪಾಠ ಶುರುವಾಯಿತು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ತಿಳಿಸುವುದು. ಎಲ್ಲದರಲ್ಲೂ ಮುಂದಿದ್ದ ಸುನಂದಾ ಈ ಪಾಠದಲ್ಲಿ ಮಾತ್ರ ಒಂದು ವಾಕ್ಯವನ್ನೂ ಬದಲಿಸಲಿಲ್ಲ.

"ಸರಳ ಅದ," ಎಂದಳು ತಹಸೀನ್. "ಮುಂಜಾನಿ ನಿಮ್ಮಪ್ಪ ಏನಂದ್ರು, ಹೇಳು ನೋಡೂಣು."

ಸುನಂದಾ ತಲೆ ತಗ್ಗಿಸಿದಳು. ಮತ್ತೆ ಕೇಳಿದಾಗ ಬಾಯಿ ತೆರೆದಳು.

"ಎತ್ತಿಗೆ ನೀರು ಕುಡಸು, ನಾ ಗದ್ದಿಗೆ ಹೊಂಟೀನಿ."

ಅದು ಬೀಡಿ ಸೇದಿ ಒಡೆದ, ನಲವತ್ತು ದಾಟಿದ ಗಂಡಸಿನ ದನಿ. ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಶಶಿಕಲಾ ಮಾತ್ರ ಮೆಲ್ಲಗೆ, "ಅಕಿಗೆ ಯಾರ ಮಾತೂ ಕೇಳಬ್ಯಾಡ್ರಿ ಟೀಚರ್. ಅವರ ದನೀನ ಬರ್ತದ," ಎಂದಳು.

ಎರಡು ದಿನದ ಮೇಲೆ, ಊಟದ ಬಿಡುವಿನಲ್ಲಿ, ಸುನಂದಾ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ತಹಸೀನ್ ಒಬ್ಬಳೇ ಇದ್ದಳು.

"ಟೀಚರ್, ಹೊಳ್ಯಾಗ ಒಬ್ರು ನಿಮಗ ಒಂದು ಮಾತು ಹೇಳು ಅಂದ್ರು."

"ಯಾರು?"

ಹುಡುಗಿ ಉಸಿರು ತೆಗೆದುಕೊಂಡಳು. "ಆಪಾ, ಪಾನೀ ಭೋತ್ ಠಂಡಾ ಹೈ."

ಅಕ್ಕಾ, ನೀರು ಬಹಳ ತಣ್ಣಗಿದೆ. ಸುನಂದಾಳಿಗೆ ತಹಸೀನ್ ಮನೆಮಾತಾದ ದಖನಿ ಉರ್ದುವಿನ ಒಂದು ಶಬ್ದವೂ ಬರುತ್ತಿರಲಿಲ್ಲ. 'ಪ' ಬಂದಲ್ಲಿ ಕ್ಷಣ ತಡೆದು ಮುಂದೆ ಹೋಗುವ ಆ ದನಿ ಮುಕರ್ರಂನದು. ತಹಸೀನ್ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಹುಡುಗಿಯನ್ನು ಅಲ್ಲೇ ತಡೆಯಬೇಕಿತ್ತು. ಅವಳು ತಡೆಯಲಿಲ್ಲ. "ಮತ್ತೇನಂದ?" ಎಂದು ಕೇಳಿದಳು. ಮರುದಿನವೂ ಕೇಳಿದಳು, ಅದರ ಮರುದಿನವೂ. "ಮೈ ಯಹೀಂಚ್ ಹೂಂ, ಆಪಾ," ನಾನು ಇಲ್ಲೇ ಇದ್ದೇನೆ, ಎನ್ನುತ್ತಿತ್ತು ದನಿ. ಬಂಡೆಯ ಕೆಳಗೆ ಕತ್ತಲೆ ಎನ್ನುತ್ತಿತ್ತು. ತಮ್ಮನ ದನಿ ಕೇಳಿದ ಸಂತೋಷಕ್ಕೆ ತಹಸೀನ್ ಹುಡುಗಿಯ ಮುಖದ ಕಡೆ ನೋಡುವುದನ್ನೇ ಮರೆತಳು.

ಎಂಟನೆಯ ದಿನ ಹಾಜರಿ ಕರೆಯುವಾಗ "ಸುನಂದಾ" ಎಂದಳು.

"ಪ್... ಪ್ರೆಸೆಂಟ್," ಎಂದ ಮುಕರ್ರಂ.

ಸುನಂದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ಮಾತ್ರ ಅವಳದಾಗಿತ್ತು, ಅದರ ತುಂಬ ಹೆದರಿಕೆ.

ಮಧ್ಯಾಹ್ನ ಅವಳ ತಂದೆ ಬೂದೆಪ್ಪ ಬಂದ. ಬೈಯಲು ಬಂದವನಂತೆ ಕಾಣಲಿಲ್ಲ. "ಟೀಚರಮ್ಮಾರ, ನನ್ನ ಮಗಳು ಮೂರು ದಿನದಿಂದ ಮನ್ಯಾಗ ತನ್ನ ದನೀಲೆ ಒಂದು ಮಾತೂ ಆಡಿಲ್ರಿ. ಅವರವ್ವ ಅನ್ನ ಬಿಟ್ಟು ಅಳಾಕತ್ತಾಳ. ಏನರ ಮಾಡ್ರಿ."

"ತಪ್ಪು ನಂದ ಅದ ರೀ," ಎಂದಳು ತಹಸೀನ್. "ಇವತ್ತು ಸಂಜಿತನ ಆಕೀನ್ನ ನನ್ನ ಹಂತೇಕ ಬಿಡ್ರಿ."

ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ಇಬ್ಬರೇ ಕೂತರು. ಬೂದೆಪ್ಪ ವರಾಂಡದಲ್ಲಿದ್ದ. ತಹಸೀನ್ ಬೋರ್ಡಿನ ಮೇಲೆ ತಮ್ಮನ ಎರಡು ಮಾತನ್ನು ಕನ್ನಡದಲ್ಲಿ ಬರೆದಳು, ಅವುಗಳ ಉದ್ಧರಣ ಚಿಹ್ನೆಗಳನ್ನು ಬೆರಳಿನಿಂದ ಒರೆಸಿದಳು.

"ನೋಡವ್ವಾ, 'ನಾನು' ಅಂದಿದ್ದು 'ಅವನು' ಆಗಬೇಕು. 'ಇಲ್ಲಿ' ಅಂದಿದ್ದು 'ಅಲ್ಲಿ'. ಅವರ ಮಾತಿಗೆ ನಿನ್ನ ಬಾಯಿ ಕೊಡಬ್ಯಾಡ. ಅವರು ಹಿಂಗ ಹೇಳಿದ್ರು ಅಂತ ನೀನು ಹೇಳು."

ಹುಡುಗಿ ಪ್ರಯತ್ನಿಸಿದಳು. ಮುಕರ್ರಂ ಬಂದ. ಮತ್ತೆ ಪ್ರಯತ್ನಿಸಿದಳು, ಮತ್ತೆ ಅವನೇ ಬಂದ, ಈ ಸಲ ಸಿಟ್ಟಿನಿಂದ: "ಆಪಾ, ಮೇರೇಕು ಕಾಯ್ಕು ಭಗಾ ರಹೇ?" ನನ್ನನ್ನು ಯಾಕೆ ಓಡಿಸುತ್ತೀ? ನೆಲದ ಮೇಲೆ, ಹುಡುಗಿಯ ಕಾಲ ಸುತ್ತ, ನೀರು ಕಾಣಿಸಿಕೊಂಡಿತು. ತಹಸೀನ್ ಅದರಲ್ಲೇ ಮಂಡಿಯೂರಿ ಹುಡುಗಿಯ ಕೈ ಹಿಡಿದಳು.

"ಅವನು... ಹೇಳು."

"ಅವರು," ಎಂದಳು ಸುನಂದಾ. ಒಣಗಿದ, ಸಣ್ಣ, ಆದರೆ ತನ್ನದೇ ದನಿ. "ಅವರು... ನೀರು ಭಾಳ ತಣ್ಣಗ ಅದ ಅಂತ ಹೇಳಿದ್ರು."

ಇಂಗ್ಲಿಷ್ ನಿಯಮದಂತೆ ಇನ್ನೊಂದು ಪದ ತಿದ್ದುವುದು ಬಾಕಿಯಿತ್ತು.

"ಅದ ಅಲ್ಲ, ಸುನಂದಾ. ಇತ್ತು."

"ತಣ್ಣಗ ಇತ್ತು ಅಂತ ಹೇಳಿದ್ರು. ಅವರು ಅಲ್ಲೇ ಇದ್ರು ಅಂತ ಹೇಳಿದ್ರು."

ಇದ್ದರು. ತಮ್ಮನನ್ನು ಭೂತಕಾಲಕ್ಕೆ ಸೇರಿಸಿ ತಹಸೀನ್ ಗಟ್ಟಿಯಾಗಿ ಅತ್ತಳು. ಆ ಸಂಜೆ ಬೂದೆಪ್ಪನ ಮಗಳು ದಾರಿಯುದ್ದಕ್ಕೂ ಮಾತಾಡುತ್ತ ಮನೆಗೆ ಹೋದಳು.

ಆ ದನಿ ಮತ್ತೆ ಕೇಳಿಸಲಿಲ್ಲ. ಆದರೆ ದಸರಾ ರಜೆಗೆ ಮೊದಲಿನ ಪರೀಕ್ಷೆಯಲ್ಲಿ, ಬದಲಿಸಲು ಕೊಟ್ಟದ್ದು ಐದು ವಾಕ್ಯ. ಸುನಂದಾ ಆರು ಬರೆದಿದ್ದಳು. ಐದೂ ಸರಿ. ಆರನೆಯದು ಕನ್ನಡ ಅಕ್ಷರದಲ್ಲಿ, ಉದ್ಧರಣ ಚಿಹ್ನೆಗಳ ನಡುವೆ ಇತ್ತು: "ಆಪಾ, ಅಮ್ಮೀಕು ಬೋಲೇ ಕ್ಯಾ?" ಅಮ್ಮಿಗೆ ಹೇಳಿದೆಯಾ? ಕೇಳಿದರೆ, ತಾನು ಬರೆದದ್ದು ಐದೇ ಎಂದಳು ಸುನಂದಾ.

ತಹಸೀನ್ ತುಟಿ ಅಲುಗಿಸದೆ ಅದನ್ನು ಓದಿ, ಅಂದೇ ಮಾನ್ವಿಯ ಬಸ್ಸು ಹಿಡಿದಳು. ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಹೀರಾಬಿ, "ನನ್ನನ್ನೂ ಕರಕೊಂಡು ಹೋಗು. ಒಂದೇ ಸಲ ಅವನ ದನಿ ಕೇಳ್ತೀನಿ," ಎಂದಳು.

"ಆ ಹುಡುಗಿಗೂ ತಾಯಿ ಇದ್ದಾಳಮ್ಮಿ."

ಹೀರಾಬಿ ಮಗಳ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಖಾಜಾ ಮಾಮೂಗೆ ಫೋನ್ ಹಚ್ಚು. ಶುಕ್ರವಾರ ಮುಕರ್ರಂನ ಜನಾಜಾದ ನಮಾಜು ಇಟ್ಟುಕೊಳ್ಳಲಿ," ಎಂದಳು.

ಶುಕ್ರವಾರ ಗಂಡಸರು ಮಸೀದಿಯಿಂದ ಮರಳುವವರೆಗೂ ತಾಯಿ ಮಗಳು ಬಾಗಿಲ ಬಳಿ ಒಬ್ಬರಿಗೊಬ್ಬರು ಒರಗಿಕೊಂಡು ಕೂತಿದ್ದರು.