ಪರಸ್ಥಾನ ಇಟ್ಟ ಸಹಿ

ವಿಮಾನ ಮೂಗು ಕೆಳಗೆ ಮಾಡಿಕೊಂಡು ಬೋರಪ್ಪನ ರಾಗಿ ಹೊಲಕ್ಕೆ ಬಿದ್ದಾಗ ನನ್ನಣ್ಣ ನಂಜಯ್ಯ ಇನ್ನೂ ಅದರ ಹಿಂದೆ ಓಡುತ್ತಲೇ ಇದ್ದ. ಅವನ ಬಲಗೈ ಮುಷ್ಟಿಯಲ್ಲಿ ಒಂದು ಸಣ್ಣ ಕೀಲಿತ್ತು.

ಅದು ಐವತ್ತೆರಡನೇ ಇಸವಿ. ಹೊಳೆನರಸೀಪುರದ ಹೊರಗೆ, ಹಾಸನದ ರಸ್ತೆ ಪಕ್ಕದ ಬಯಲಿನಲ್ಲಿ ಒಂದು ಖಾಸಗಿ ಕಂಪನಿಯ ವಿಮಾನ ಇಳಿಯುತ್ತಿತ್ತು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಮಾರಿದ ಹಳೇ ವಿಮಾನ. ಕಾಫಿ ತೋಟದ ದೊರೆಗಳನ್ನು ಮದರಾಸಿಗೆ ಹೊತ್ತೊಯ್ಯುತ್ತಿತ್ತು. ಅಣ್ಣ ಅಲ್ಲಿ ಮೆಕ್ಯಾನಿಕ್. ಅವನು ಮಾಡಿದ ರಿಪೇರಿಯನ್ನು ಇಂಜಿನಿಯರ್ ಈಶ್ವರಯ್ಯನವರು ಮುಟ್ಟಿ ನೋಡಿ ಕಾಗದಕ್ಕೆ ಸಹಿ ಹಾಕಬೇಕು. ಸಹಿ ಬಿದ್ದರೆ ಹಾರಬಹುದು ಎಂದರ್ಥ.

ನಮ್ಮಜ್ಜಿ ಶಿವಗಂಗಮ್ಮ ಹೇಳುತ್ತಿದ್ದ ಕಥೆಯಲ್ಲಿ ಒಂದು ಮರದ ಕುದುರೆಯಿತ್ತು. ಕಿವಿಯ ಹಿಂದಿನ ಕೀಲು ತಿರುವಿದರೆ ಅದು ಕಡಲು ದಾಟುತ್ತಿತ್ತು. ನನಗೆ ವಿಮಾನವೆಂದರೆ ಅದೇ ಕುದುರೆ. ಅಣ್ಣನಿಗೆ ರೊಟ್ಟಿ ಕೊಡುವ ನೆಪದಲ್ಲಿ ದಿನಾ ಹೋಗಿ, ಅದರ ಹೊಟ್ಟೆಯ ನೆರಳಿನಲ್ಲಿ ಒಂದಿಷ್ಟು ಹೊತ್ತು ನಿಂತು ಬರುತ್ತಿದ್ದೆ.

ಅವತ್ತು ಸೋಮವಾರ. ಬೆಳಿಗ್ಗೆಯೇ ಈಶ್ವರಯ್ಯನವರು, ಅಜ್ಜಿ ಹೇಳಿಕಳಿಸಿದ್ದಳೆಂದು, ಒಂದು ಗಂಟು ಹಿಡಿದು ನಮ್ಮ ಮನೆಗೆ ಬಂದರು. ಮಾರನೇ ದಿನ ಚನ್ನರಾಯಪಟ್ಟಣದಲ್ಲಿ ಅವರ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವವರಿದ್ದರು.

"ಮಂಗಳವಾರ ಉತ್ತರಕ್ಕೆ ಶೂಲ ಕಣಪ್ಪ, ಆ ಕಡೆ ಒಂಡ್ಬಾರ್ದು," ಎಂದಳು ಅಜ್ಜಿ. "ಗಂಟು ಇವತ್ತೇ ನಮ್ಮನೇಲಿ ಮಡಗೋಗು. ನೀನು ಒಂಟಂಗೇ ಲೆಕ್ಕ. ನಾಳೆ ಬಂದು ಎತ್ಕೊಂಡೋಗು."

"ಶೂಲಕ್ಕೇ ಮೋಸ ಮಾಡ್ತೀರಲ್ಲಜ್ಜಿ!"

"ಮೋಸ ಅಲ್ಲ ಕಣಪ್ಪ, ಪರಸ್ಥಾನ. ನಮ್ಮತ್ತೆ ಕಾಲದಿಂದ್ಲೂ ಇಂಗೇ ಮಾಡ್ಕಂಡ್ ಬಂದಿಲ್ವಾ?"

ಗಂಟಿನ ಬಾಯಿಂದ ಕೆಂಪು ಕುಲಾವಿಯೊಂದು ಇಣುಕುತ್ತಿತ್ತು. ಅಜ್ಜಿ ಅದನ್ನು ಒಳಗೆ ತುರುಕಿ ದೇವರ ಗೂಡಿನ ಕೆಳಗಿಟ್ಟಳು.

ನಾನು ರೊಟ್ಟಿ ಹಿಡಿದು ಬಯಲಿಗೆ ಹೋದಾಗ ಅಣ್ಣ ವಿಮಾನದ ಬಾಲದಡಿ ಕೂತಿದ್ದ. ಬಾಲದ ರೆಕ್ಕೆಯನ್ನು ಎತ್ತಿ ಇಳಿಸುವ ತಂತಿಗೆ ಹೊಸ ಬೋಲ್ಟು ಹಾಕಿದ್ದ. ಗಾಡಿ ಚಕ್ರಕ್ಕೆ ಕಡಾಣಿ ಇದ್ದ ಹಾಗೆ, ಆ ಬೋಲ್ಟು ಕಳಚದಂತೆ ಒಂದು ಕೀಲು ಬೇಕು. ಈಶ್ವರಯ್ಯನವರು ಗಡಿಯಾರ ನೋಡುತ್ತಾ ಬಂದರು.

"ರಾಹುಕಾಲ ಬಂತಯ್ಯ. ಆ ಹೊತ್ನಲ್ಲಿ ನಾನು ಸಹಿ ಹಾಕಲ್ಲ. ಕೊಡು ಕಾಗದ."

"ಇನ್ನೂ ಕೀಲು ಆಕಿಲ್ಲ ಸಾ."

"ನೀನು ಹಾಕು. ರಾಹು ಕಳೆದ ಮೇಲೆ ನಾನು ಬಂದು ಮುಟ್ಟಿ ನೋಡ್ತೀನಿ. ಸಹಿ ಮಾತ್ರ ಈಗ್ಲೇ ಪರಸ್ಥಾನ ಇಟ್ಟಿರ್ತೀನಿ, ನಿಮ್ಮಜ್ಜಿ ಹೇಳ್ದಂಗೆ!"

ಅವರು ನಕ್ಕರು. ನಾನೂ ನಕ್ಕೆ. ಸಹಿ ಹಾಕಿ, ಕಾಗದವನ್ನು ಶೆಡ್ಡಿನ ಬಾಗಿಲ ಮೊಳೆಗೆ ಸಿಕ್ಕಿಸಿ, ದೂರದ ಹೊಂಗೆ ಮರದಡಿ ಹೋಗಿ ಕಣ್ಣು ಮುಚ್ಚಿ ಕೂತರು. ಅಣ್ಣ ಕೀಲು ಹುಡುಕಲು ಶೆಡ್ಡಿನ ಹಿಂದಿನ ಕೋಣೆಗೆ ಹೋದ.

ಅವತ್ತು ಪೈಲಟ್ ಸಾಹೇಬರು ದೊರೆಗಳೊಂದಿಗೆ ಬೇಗನೇ ಬಂದುಬಿಟ್ಟರು. ಕಾಗದ ನೋಡಿದರು, ಸಹಿ ನೋಡಿದರು, ಹತ್ತಿದರು. ಇಂಜಿನ್ ಗುಡುಗಿತು. ನನ್ನ ಕುದುರೆ ಕಿವಿ ನಿಮಿರಿಸಿತೆಂದು ನಾನು ಬಾಯಿಬಿಟ್ಟು ನೋಡುತ್ತಾ ನಿಂತೆ. ಅಣ್ಣ ಕೋಣೆಯಿಂದ ಚೀರುತ್ತಾ ಓಡಿಬಂದಾಗಲೇ ನನಗೆ ಎಚ್ಚರವಾದದ್ದು. ಅಷ್ಟರಲ್ಲಿ ಅದು ನೆಲ ಬಿಟ್ಟಿತ್ತು.

ಬೋರಪ್ಪನ ಹೆಂಡತಿ ಮುದ್ದಮ್ಮ ಕಳೆ ಕೀಳುತ್ತಿದ್ದ ಸಾಲಿನ ಮೇಲೇ ಅದು ಬಿತ್ತು. ಇನ್ನೂ ತಿರುಗುತ್ತಿದ್ದ ಇಂಜಿನ್ನಿನ ಪಂಖ ಮಣ್ಣು, ಪೈರು, ಮೈ ಎನ್ನದೆ ಕೊಚ್ಚಿ ಎಸೆಯಿತು. ಆಮೇಲೆ ಬೆಂಕಿ. ಒಳಗಿದ್ದವರ ಕೂಗು ನಿಲ್ಲುವವರೆಗೂ ಯಾರಿಗೂ ಹತ್ತಿರ ಸುಳಿಯಲಾಗಲಿಲ್ಲ. ಮುದ್ದಮ್ಮನ ಬಳೆ ತೊಟ್ಟ ಕೈ ಸಿಕ್ಕಿತು. ಮುದ್ದಮ್ಮ ಸಿಗಲಿಲ್ಲ.

ಆ ಕೈಯನ್ನು ಸೆರಗಿನ ತುಂಡಿನಲ್ಲಿ ಸುತ್ತಿ ಎದೆಗವುಚಿಕೊಂಡೇ ಬೋರಪ್ಪ ಶೆಡ್ಡಿಗೆ ಬಂದ. ಹಿಂದೆ ಮಚ್ಚು, ಗುದ್ದಲಿ ಹಿಡಿದ ಹೊಲದವರು. ಅಣ್ಣ ಓಡಲಿಲ್ಲ. ಮೊದಲ ಏಟಿಗೆ ಅವನ ಹಲ್ಲು ಹೋಯಿತು. ನಾಲ್ಕು ಜನ ಅವನ ಕೈಯನ್ನು ಕಬ್ಬಿಣದ ಪೀಪಾಯಿಯ ಮೇಲೆ ಒತ್ತಿ ಹಿಡಿದರು.

"ಯಾವ್ ಕೈಲ್ಲಾ ಕಟ್ದೆ ಅದ್ನ? ಈ ಕೈಲಾ?"

ಬೋರಪ್ಪ ಶೆಡ್ಡಿನ ಸುತ್ತಿಗೆಯೊಂದನ್ನು ಎತ್ತಿ ಹೊಡೆದ. ಮುಷ್ಟಿ ಒಡೆದು, ಕೀಲು ರಕ್ತದೊಂದಿಗೆ ಕೆಳಗೆ ಬಿತ್ತು. ಅಣ್ಣನ ಕೂಗು ಕೇಳಿ, ಸುಟ್ಟ ವಿಮಾನದ ಬಳಿಯಿದ್ದ ಈಶ್ವರಯ್ಯನವರು ಓಡಿಬಂದರು. ನನಗೆ ಜೀವ ಬಂತು.

"ಬಿಡಿಸಿ ಸಾರ್, ಕೊಂದಾಕ್ತಾರೆ!"

ಅವರ ಕಣ್ಣು ಮಚ್ಚುಗಳ ಮೇಲೆ ಹರಿದಾಡಿತು. ಮೊಳೆಯಿಂದ ಕಾಗದ ಕಿತ್ತು ಎತ್ತಿ ಹಿಡಿದರು.

"ನಾನು ನೋಡಿಯೇ ಸಹಿ ಹಾಕಿದ್ದು ಕಣ್ರಪ್ಪ. ಆಗ ಎಲ್ಲಾ ಸರಿಯಿತ್ತು. ಆಮೇಲೆ ಇವನೇ ಕೀಲು ಕಿತ್ತಿರ್ಬೇಕು. ನೋಡಿ, ಇವನ ಕೈಯಲ್ಲೇ ಇತ್ತಲ್ಲ!"

"ತಲೆ ಮಡಗ್ರಲಾ ಪೀಪಾಯಿ ಮ್ಯಾಲೆ," ಎಂದ ಬೋರಪ್ಪ. ಅವನ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಅಣ್ಣನ ಕೆನ್ನೆ ಕಬ್ಬಿಣಕ್ಕೆ ತಗುಲಿದ ಸದ್ದು ಕೇಳಿಸಿತು.

"ನೋಡಿಲ್ಲ!" ನನ್ನ ಗಂಟಲು ಹರಿಯಿತು. "ಅವರು ನೋಡೇ ಇಲ್ಲ! ರಾಹುಕಾಲ ಅಂತ ಸಹಿ ಮೊದ್ಲೇ ಪರಸ್ಥಾನ ಇಟ್ರು! ಅಣ್ಣ ಕೀಲು ಹಾಕೋಕೆ ಮೊದ್ಲೇ ಇಟ್ರು!"

ಎತ್ತಿದ ಸುತ್ತಿಗೆ ಗಾಳಿಯಲ್ಲೇ ನಿಂತಿತು. ವಿಮಾನದ ಮಾತು ಅಲ್ಲಿದ್ದ ಯಾರಿಗೂ ತಿಳಿಯುತ್ತಿರಲಿಲ್ಲ. ಇದು ಮಾತ್ರ ಎಲ್ಲರಿಗೂ ತಿಳಿಯಿತು. ಅವರೆಲ್ಲ ಒಂದಲ್ಲ ಒಂದು ದಿನ ಪಕ್ಕದ ಮನೆಯಲ್ಲಿ ಗಂಟಿಟ್ಟು ತಾವು ಹೊರಟೆವು ಎಂದುಕೊಂಡವರೇ.

ಬೋರಪ್ಪ ನಿಧಾನವಾಗಿ ತಿರುಗಿದ. "ಔದಾ ಸಾ?"

ಈಶ್ವರಯ್ಯನವರು ಒಂದು ಹೆಜ್ಜೆ ಹಿಂದೆ ಸರಿದರು. ಕಾಗದವನ್ನು ಎದೆಯ ಮುಂದೆ ಹಿಡಿದುಕೊಂಡರು. ಮೊದಲ ಮಚ್ಚು ಆ ಕಾಗದದ ಮೂಲಕವೇ ಒಳಗೆ ಹೋಯಿತು. ಅಣ್ಣ ಪೀಪಾಯಿಯಿಂದ ಜಾರಿ, ತೆವಳಿಕೊಂಡು ಹೋಗಿ ಅವರ ಮೇಲೆ ಮೈ ಚೆಲ್ಲಲು ನೋಡಿದ. ನಾನು ಅವನ ಕಾಲು ಹಿಡಿದು ಎಳೆದೆ. ಅವನು ಒದ್ದ. ಆದರೂ ಬಿಡದೆ ಎಳೆದೆ, ಅವರ ಕೂಗು ನಿಲ್ಲುವವರೆಗೂ.

ಅಣ್ಣ ಬದುಕಿದ. ಆ ಕೈ ಮತ್ತೆ ಏನನ್ನೂ ಹಿಡಿಯಲಿಲ್ಲ. ನಾನು ಕೊಟ್ಟ ರೊಟ್ಟಿಯನ್ನು ಅವನು ಬಹಳ ದಿನ ಮುಟ್ಟಲಿಲ್ಲ.

ಅವತ್ತು ಸಂಜೆ ಮನೆಗೆ ಬಂದು ನೋಡಿದರೆ ಗಂಟು ದೇವರ ಗೂಡಿನ ಕೆಳಗೇ ಇತ್ತು. ಎಲ್ಲ ಕೇಳಿಸಿಕೊಂಡ ಅಜ್ಜಿ ಅದರತ್ತ ನೋಡುತ್ತಾ ಕೂತಳು. ಈಶ್ವರಯ್ಯನವರ ಮನೆಯವರಿಗೆ ಕೊಟ್ಟು ಬರೋಣವೆಂದು ನಾನು ಕೈ ಚಾಚಿದೆ.

"ಮುಟ್ಬ್ಯಾಡ ಕಣವ್ವ," ಎಂದಳು ಅಜ್ಜಿ. "ಅವ್ನು ಗಂಟು ಮಡಗ್ದಾಗ್ಲೇ ಒಂಟಾಯ್ತು."