ಹೂಜಿ ಹಿಡಿದ ಸೆಗಾಲ್

ಬರಿಗೈಯಲ್ಲಿ ನಡೆಯುವಾಗಲೂ ತುಂಬಿದ ಹೂಜಿ ಹಿಡಿದವನಂತೆ ಬಲಗೈ ಮುಂದೆ ಚಾಚಿ, ಅಳೆದು ಹೆಜ್ಜೆಯಿಡುತ್ತಿದ್ದ ಫಿಶೆಲ್ ಸೆಗಾಲ್, ದಕ್ಷಿಣ ಆಫ್ರಿಕದ ಕಾರೂ ಬಯಲಿನ ನಮ್ಮ ಪುಟ್ಟ ಊರಿನಲ್ಲಿ ಉಷ್ಟ್ರಪಕ್ಷಿಯ ಗರಿಗಳನ್ನು ವಿಂಗಡಿಸಿ ಬದುಕಿದವನು. ಅವನ ಅಂಗಡಿಯ ಗೋಡೆಯ ತುಂಬ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳು: ಲಂಡನ್ನಿನ ಶಸ್ತ್ರವೈದ್ಯ ಸೆಗಾಲ್, ವಾರ್ಸಾದ ಕುಸ್ತಿಪಟು ಸೆಗಾಲ್, ಎಲ್ಲರಿಗಿಂತ ಮೇಲೆ ಪಿಟೀಲು ವಿದ್ವಾಂಸ ಎಫ್ರೈಮ್ ಸೆಗಾಲ್. ಒಬ್ಬರೊಡನೆಯೂ ರಕ್ತಸಂಬಂಧವಿಲ್ಲ, ಆದರೂ ಬಂದ ಗಿರಾಕಿಗೆಲ್ಲ ತೋರಿಸಿ "ನಮ್ಮವನೇ" ಎನ್ನುತ್ತಿದ್ದ.

"ನೀನು ಯಾರೂಂತ ಅವ್ರಿಗೆ ಗೊತ್ತೇನಯ್ಯಾ?" ಎಂದು ಮಾಂಸದಂಗಡಿಯ ಕಾಗನ್ ಕೆಣಕುತ್ತಿದ್ದ.

"ಗೊತ್ತಾಗೋ ದಿನ ಬರುತ್ತೆ ಬಿಡು."

ನಮ್ಮ ಯೆಹೂದಿಗಳಲ್ಲಿ ಹೆಸರೇ ಕುಲ ಹೇಳುತ್ತದೆ: ಕಾಗನ್ ಪುರೋಹಿತ ವಂಶದವನು, ಸೆಗಾಲ್ ಆ ಪುರೋಹಿತರಿಗೆ ನೆರವಾಗುವ ಲೇವಿ ವಂಶದವನು. ಹಬ್ಬದ ದಿನ ಪ್ರಾರ್ಥನಾಮಂದಿರದಲ್ಲಿ ಕಾಗನ್ ಸಭೆಯನ್ನು ಆಶೀರ್ವದಿಸುವ ಮುನ್ನ ಅವನ ಕೈಗೆ ನೀರೆರೆಯುವುದು ಊರಿನ ಏಕೈಕ ಲೇವಿಯಾದ ಫಿಶೆಲನ ಹಕ್ಕು. ನಲವತ್ತು ವರ್ಷ ಅದನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಂದು ವರ್ಷ ಹಬ್ಬಕ್ಕೆ ಮುಂಚೆ ಉಷ್ಟ್ರಪಕ್ಷಿಯೊಂದು ಒದ್ದು ಅವನ ಬಲಗೈ ಮುರಿಯಿತು.

"ಲೇವಿ ಇಲ್ಲದ ಊರಲ್ಲಿ ಮಾಡೋ ಹಾಗೆ ಯಾವನಾದ್ರೂ ಚೊಚ್ಚಲ ಮಗ ಹುಯ್ಲಿ. ನೀನು ಸುಮ್ನೆ ಕೂತ್ಕೋ," ಎಂದ ಕಾಗನ್.

ಆ ಮಾತು ಫಿಶೆಲನ ಎದೆಗೇ ನಾಟಿತು. ಹೂಜಿ ಕೈ ತಪ್ಪಿದರೆ ತಾನು ಬರೀ ಗರಿ ಆರಿಸುವವನು.

ಹಬ್ಬದ ಮುನ್ನಾದಿನ ರೈಲಿನ ಎಂಜಿನ್ ಕೆಟ್ಟು, ಪೋರ್ಟ್ ಎಲಿಜಬೆತ್‌ನಲ್ಲಿ ಪಿಟೀಲು ಕಚೇರಿ ಕೊಡಲು ಹೊರಟಿದ್ದ ಎಫ್ರೈಮ್ ಸೆಗಾಲ್ ನಮ್ಮೂರಲ್ಲೇ ಉಳಿಯಬೇಕಾಯಿತು. ನಿಲ್ದಾಣಕ್ಕೆ ಓಡಿದ ಫಿಶೆಲ್ ಹಸ್ತಾಕ್ಷರ ಕೇಳಲಿಲ್ಲ. "ನಾಳೆ ನೀವು ನೀರು ಹುಯ್ಬೇಕು, ಹೂಜಿ ಸೆಗಾಲರ ಕೈ ತಪ್ಪಬಾರ್ದು," ಎಂದ.

ಮರುದಿನ ಆ ಮಹಾನುಭಾವ ಪ್ರಾರ್ಥನಾಮಂದಿರಕ್ಕೆ ಬಂದ, ಹೂಜಿಯನ್ನು ತಿರುಗಿಸಿ ಮುರುಗಿಸಿ ನೋಡಿದ, ನಕ್ಕು ಮರಳಿಸಿದ. "ನಂಗೆ ಕಮಾನು ಹಿಡಿಯೋದು ಮಾತ್ರ ಗೊತ್ತು ಸ್ವಾಮಿ. ಎಡಗೈಲಿ ನೀವೇ ಹುಯ್ರಿ, ನಾನು ಬೋಗುಣಿ ಹಿಡೀತೀನಿ."

ಆಶೀರ್ವದಿಸುವವರ ಪದ್ಧತಿಯಂತೆ ಪಾದರಕ್ಷೆ ಕಳಚಿ ನಿಂತಿದ್ದ ಕಾಗನ್ ಗೊಣಗಿದ: "ನನ್ನ ಕಾಲುಚೀಲ ನೆನೆಸಿದ್ರೆ ನೋಡು!"

ಫಿಶೆಲ್ ಎಡಗೈಯಲ್ಲಿ ಹೂಜಿ ಬಾಗಿಸಿದ. ನೀರು ತೆಳ್ಳಗೆ, ಅಖಂಡವಾಗಿ ಇಳಿಯಿತು. ಕಾಗನ್ ತನ್ನ ತೂತುಬಿದ್ದ ಕಾಲುಚೀಲವನ್ನು ಸಭೆಗೆಲ್ಲ ಎತ್ತಿ ತೋರಿಸಿದ: "ಒಂದ್ ಹನೀನೂ ಬಿದ್ದಿಲ್ಲ ಕಣ್ರೋ!" ನಮಗೆಲ್ಲ ಕಣ್ಣು ತುಂಬಿ ಬಂತು.

ಆಮೇಲೆ ಪಿಟೀಲಿನವನ ಚಿತ್ರ ತೋರಿಸಿ ಕೇಳಿದವರಿಗೆಲ್ಲ ಫಿಶೆಲ್ ಹೇಳುತ್ತಿದ್ದುದು ಇಷ್ಟೇ: "ನಮ್ಮವನೇ. ಬೋಗುಣಿ ಚೆನ್ನಾಗಿ ಹಿಡೀತಾನೆ."

ದೊಡ್ಡವರ ಹೆಸರಿಗೆ ನಂಟು ಹೇಳಿಕೊಳ್ಳುವವರನ್ನು ಕಂಡು ಲೋಕ ನಗುತ್ತದೆ, ನಗಲಿ. ಹೆಸರನ್ನು ದೇಶಾಂತರಕ್ಕೆ ಒಯ್ಯುವವರಿಗೆ ಅಂಗಡಿಯ ಗೋಡೆಯ ಮೇಲೊಂದು ಜಾಗ ಸಾಕು. ಆ ಹೆಸರಿನ ಕೆಲಸವನ್ನು ಊರಲ್ಲೇ ಉಳಿದು ಮಾಡುವ ಫಿಶೆಲರಿಲ್ಲದಿದ್ದರೆ, ಕಾಗನರ ಕೈಗೆ ನೀರು ಬೀಳುವುದಿಲ್ಲ.